ಶಕುಂತಲಾ ದೇವಿ ಬಿಡಿಸಲು ಕುಳಿತ ಇನ್ನೊಂದು ಲೆಕ್ಕ

1977ನೆಯ ಇಸವಿಯಲ್ಲಿ ಶಕುಂತಲಾ ದೇವಿಯವರು ಎರಡು ಸಾಹಸಗಳನ್ನು ಮಾಡಿದರು. ಮೊದಲನೆಯದು ಲೋಕಪ್ರಸಿದ್ಧ. ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಅವರು 50 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಹೇಳಿದರು. ಉತ್ತರ 54,63,72,891. ಯುನಿವ್ಯಾಕ್ ಗಣಕಯಂತ್ರ ಅದೇ ಲೆಕ್ಕಕ್ಕೆ 62 ಸೆಕೆಂಡುಗಳನ್ನು ತೆಗೆದುಕೊಂಡಿತು. ಎರಡನೆಯ ಸಾಹಸ ಅನೇಕರಿಗೆ ತಿಳಿದಿಲ್ಲ. ಅದೇ ವರ್ಷ ಅವರು ಸಲಿಂಗಪ್ರೇಮಿಗಳ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಭಾರತದಲ್ಲಿ ಈ ವಿಷಯವನ್ನು ಕುರಿತು ಬಂದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಮೊದಲ ಸಾಹಸಕ್ಕೆ ಜಗತ್ತು ಚಪ್ಪಾಳೆ ತಟ್ಟಿತು. ಎರಡನೆಯದನ್ನು ಕಂಡೂ ಕಾಣದಂತೆ ಮುಂದೆ ಸಾಗಿತು.

ಆಗ ನಾನು ಕಾಲೇಜು ವಿದ್ಯಾರ್ಥಿ. ನನ್ನ ಊರು ನಂಜನಗೂಡು ತಾಲ್ಲೂಕಿನ ಬಿಳಿಗೆರೆ. ಊರಿಗೆ ಪತ್ರಿಕೆ ಬರುತ್ತಿದ್ದುದು ಬಸ್ಸಿನಲ್ಲಿ. ಅದು ಹೋಟೆಲಿನ ಬೆಂಚಿನ ಮೇಲೆ ಕೈಯಿಂದ ಕೈಗೆ ದಾಟಿ ನನಗೆ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಕಂಪ್ಯೂಟರನ್ನೇ ಸೋಲಿಸಿದ ಕನ್ನಡತಿಯ ಸುದ್ದಿಯನ್ನು ನಾವು ಹೆಮ್ಮೆಯಿಂದ ಓದಿದೆವು. ಪುಸ್ತಕದ ಸುದ್ದಿ ನಮ್ಮನ್ನು ತಲುಪಲಿಲ್ಲ. ಅದು ನನ್ನ ಕೈಗೆ ಬಂದದ್ದು ಕಾಲು ಶತಮಾನ ಕಳೆದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಅಷ್ಟರೊಳಗೆ ನಾನು ಒಂದು ತಪ್ಪು ಮಾಡಿ ಆಗಿತ್ತು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಶಕುಂತಲಾ ದೇವಿಯವರು ಜನಿಸಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನಲ್ಲಿ. ತಂದೆ ಮನೆತನದ ಪೌರೋಹಿತ್ಯವನ್ನು ಒಲ್ಲದೆ ಸರ್ಕಸ್ ಸೇರಿದವರು. ಹಗ್ಗದ ಮೇಲೆ ನಡೆಯುವುದು, ತೂಗುಯ್ಯಾಲೆಯ ಕಸರತ್ತು, ಸಿಂಹಗಳನ್ನು ಪಳಗಿಸುವುದು, ಜಾದೂ, ಎಲ್ಲವನ್ನೂ ಬಲ್ಲವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟವೊಂದನ್ನು ಕಲಿಸಲು ಹೋದಾಗ ಅವರಿಗೆ ಅವಳ ಅಸಾಮಾನ್ಯ ಶಕ್ತಿಯ ಅರಿವಾಯಿತು. ಅವಳು ತಂದೆಯನ್ನು ಗೆಲ್ಲುತ್ತಿದ್ದುದು ಕೈಚಳಕದಿಂದಲ್ಲ, ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡು. ತಂದೆ ಸರ್ಕಸ್ ಬಿಟ್ಟು ಮಗಳನ್ನು ಊರೂರಿಗೆ ಕರೆದೊಯ್ದು ಪ್ರದರ್ಶನಗಳನ್ನು ಏರ್ಪಡಿಸತೊಡಗಿದರು. ಆರನೆಯ ವಯಸ್ಸಿಗೆ ಆಕೆ ಮೈಸೂರು ವಿಶ್ವವಿದ್ಯಾಲಯದ ವಿದ್ವಾಂಸರ ಮುಂದೆ ತನ್ನ ಗಣಿತ ಸಾಮರ್ಥ್ಯವನ್ನು ಮೆರೆದಿದ್ದಳು. ಕ್ರಮಬದ್ಧವಾದ ಶಾಲಾ ಶಿಕ್ಷಣ ಮಾತ್ರ ಆಕೆಗೆ ದಕ್ಕಲಿಲ್ಲ. ಆಟವಾಡಬೇಕಾದ ವಯಸ್ಸಿನಲ್ಲಿ ಆ ಮಗು ಕುಟುಂಬದ ಅನ್ನಕ್ಕೆ ದುಡಿಯುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದ ಶಕುಂತಲಾ ದೇವಿ ಮುಂದೆ ಯೂರೋಪು, ಅಮೆರಿಕಗಳನ್ನೆಲ್ಲ ಸುತ್ತಿದರು. 1950ರಲ್ಲಿ ಬಿಬಿಸಿ ಕಾರ್ಯಕ್ರಮವೊಂದರಲ್ಲಿ ಅವರು ಕೊಟ್ಟ ಉತ್ತರಕ್ಕೂ ನಿರೂಪಕರ ಬಳಿ ಇದ್ದ ಉತ್ತರಕ್ಕೂ ತಾಳೆಯಾಗಲಿಲ್ಲ. ಮರುಪರಿಶೀಲಿಸಿದಾಗ ಸರಿ ಎಂದು ಕಂಡದ್ದು ಶಕುಂತಲಾ ದೇವಿಯವರ ಉತ್ತರವೇ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಹೇಳಿದರು. 1982ರ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಅದು ಸೇರಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ 1988ರಲ್ಲಿ ಅವರ ಸಾಮರ್ಥ್ಯವನ್ನು ಪರೀಕ್ಷಿಸಿ, 1990ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಇಷ್ಟೆಲ್ಲ ಸಾಧನೆಗೆ ಜಗತ್ತು ಅವರಿಗೆ ಕೊಟ್ಟ ಹೆಸರು ‘ಮಾನವ ಕಂಪ್ಯೂಟರ್’. ಅದು ಹೊಗಳಿಕೆಯೇ ಸರಿ. ಆದರೆ ಆ ಬಿರುದು ಅವರಿಗೆ ಪ್ರಿಯವಾಗಿರಲಿಲ್ಲ. ಕಂಪ್ಯೂಟರನ್ನು ಸೃಷ್ಟಿಸಿದ್ದು ಮನುಷ್ಯನ ಮನಸ್ಸು; ಸೃಷ್ಟಿಸಿದ್ದರ ಹೆಸರಿನಿಂದ ಸೃಷ್ಟಿಸಿದವರನ್ನು ಕರೆಯುವುದೆಂತು ಎಂಬುದು ಅವರ ಆಕ್ಷೇಪಣೆ. ಇಲ್ಲಿ ನನಗೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಹಣೆಪಟ್ಟಿ ಹೊಗಳಿಕೆಯದಾಗಲಿ ತೆಗಳಿಕೆಯದಾಗಲಿ, ಅದರ ಕೆಲಸ ಒಂದೇ. ಅದು ಮನುಷ್ಯನ ಒಂದು ಗುಣವನ್ನು ಮುಂದಿಟ್ಟು ಉಳಿದುದನ್ನೆಲ್ಲ ಮರೆಮಾಡುತ್ತದೆ. ಶಕುಂತಲಾ ದೇವಿಯವರು ಅಡುಗೆಯ ಬಗ್ಗೆ, ಜ್ಯೋತಿಷ್ಯದ ಬಗ್ಗೆ, ಮಕ್ಕಳ ಒಗಟುಗಳ ಬಗ್ಗೆ ಬರೆದರು. ಪತ್ತೇದಾರಿ ಕಾದಂಬರಿಯನ್ನೂ ಬರೆದರು. 1980ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಿಂದಲೂ, ಇಂದಿರಾ ಗಾಂಧಿಯವರ ವಿರುದ್ಧ ಮೇದಕ್‌ನಿಂದಲೂ ಪಕ್ಷೇತರರಾಗಿ ಸ್ಪರ್ಧಿಸಿ ಸೋತರು. ಇವೆಲ್ಲ ಆ ಒಂದು ಬಿರುದಿನ ಅಡಿಯಲ್ಲಿ ಮುಚ್ಚಿಹೋದವು. ಬಹುಶಃ ಇದೇ ಅನುಭವ ಅವರನ್ನು ಬೇರೆಯವರ ಹಣೆಪಟ್ಟಿಯ ಹಿಂದೆ ಏನಿದೆ ಎಂದು ನೋಡುವಂತೆ ಮಾಡಿರಬೇಕು. ಇದು ನನ್ನ ಊಹೆ ಮಾತ್ರ.

ಅವರೇ ಹೇಳಿಕೊಂಡ ಕಾರಣ ಬೇರೆ. 1960ರ ದಶಕದಲ್ಲಿ ಅವರು ಭಾರತಕ್ಕೆ ಮರಳಿ ಕಲ್ಕತ್ತೆಯ ಐ.ಎ.ಎಸ್. ಅಧಿಕಾರಿಯೊಬ್ಬರನ್ನು ವಿವಾಹವಾದರು. ಆ ದಾಂಪತ್ಯ 1979ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. 2001ರ ಸಾಕ್ಷ್ಯಚಿತ್ರವೊಂದರಲ್ಲಿ, ತಮ್ಮ ಪತಿ ಸಲಿಂಗಪ್ರೇಮಿಯಾಗಿದ್ದುದೇ ಈ ವಿಷಯವನ್ನು ಹತ್ತಿರದಿಂದ ಅರಿಯಬೇಕೆಂಬ ಆಸೆಗೆ ಕಾರಣವಾಯಿತೆಂದು ಅವರು ತಿಳಿಸಿದರು. ಪುತ್ರಿಯ ದೃಷ್ಟಿಯಿಂದ ಅವರ ಬದುಕನ್ನು ಕಂಡ 2020ರ ಹಿಂದಿ ಚಲನಚಿತ್ರ ಈ ಮಾತನ್ನು ಒಪ್ಪುವುದಿಲ್ಲ. ಯಾವುದು ನಿಜವೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಅದರ ಅಗತ್ಯವೂ ಇಲ್ಲ. ತನ್ನ ಮಾತನ್ನು ತಾನು ಹೇಳಲಾಗದ ವ್ಯಕ್ತಿಯೊಬ್ಬರ ಹಣೆಗೆ ಪಟ್ಟಿ ಅಂಟಿಸುತ್ತ, ಹಣೆಪಟ್ಟಿಗಳ ವಿರುದ್ಧ ಬರೆಯುವುದು ಸಲ್ಲದು. ಪುಸ್ತಕ ನಮ್ಮ ಮುಂದಿದೆ. ಅದನ್ನು ಅದರ ಯೋಗ್ಯತೆಯ ಮೇಲೆ ಓದಬಹುದು.

ಆ ಪುಸ್ತಕ ಬಂದ ಕಾಲವನ್ನು ನೆನಪಿಸಿಕೊಳ್ಳೋಣ. 1860ರಲ್ಲಿ ಬ್ರಿಟಿಷರು ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ಜಾರಿಯಲ್ಲಿತ್ತು. ಸಲಿಂಗ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದ್ದು 1990ರಲ್ಲಿ, ಅಂದರೆ ಪುಸ್ತಕ ಬಂದು ಹದಿಮೂರು ವರ್ಷಗಳಾದ ಮೇಲೆ. ಸುಶಿಕ್ಷಿತರ ಮನೆಗಳಲ್ಲಿ ಈ ಮಾತನ್ನು ಆಡುವಂತೆಯೇ ಇರಲಿಲ್ಲ. ಖ್ಯಾತಿಯ ಶಿಖರದಲ್ಲಿದ್ದ ಮಹಿಳೆಯೊಬ್ಬರು, ಅದೂ ಸರ್ಕಾರಿ ಅಧಿಕಾರಿಯ ಪತ್ನಿ, ಇಂಥ ಪುಸ್ತಕಕ್ಕೆ ತಮ್ಮ ಹೆಸರು ಹಾಕಿದ್ದು ಸಣ್ಣ ಧೈರ್ಯವಲ್ಲ.

ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ಹೋಗಿ ಕುಳಿತು ಕೇಳಿದರು. ಭಾರತದ ಇಬ್ಬರು ಯುವಕರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರು. ಕಾನೂನುಬದ್ಧವಾಗಿ ಮದುವೆಯಾಗಲು ಬಯಸುತ್ತಿದ್ದ ಕೆನಡಾದ ಪುರುಷ ಜೋಡಿಯೊಂದನ್ನು ಕಂಡರು. ಶ್ರೀರಂಗಂ ದೇವಾಲಯದ ಅರ್ಚಕರೊಬ್ಬರನ್ನು ಭೇಟಿಯಾಗಿ ಧರ್ಮದ ದೃಷ್ಟಿಯಿಂದ ಇದು ಹೇಗೆ ಎಂದು ವಿಚಾರಿಸಿದರು. ಆ ಸಂಸ್ಕೃತ ವಿದ್ವಾಂಸರು ಸಿಡಿಮಿಡಿಗೊಳ್ಳಲಿಲ್ಲ. ಪೂರ್ವಜನ್ಮದಲ್ಲಿ ಗಂಡು ಹೆಣ್ಣಾಗಿ ಒಲಿದವರು ಈ ಜನ್ಮದಲ್ಲಿ ಒಂದೇ ಲಿಂಗದಲ್ಲಿ ಹುಟ್ಟಿರಬಹುದು, ದೇಹ ಬದಲಾದರೂ ಆತ್ಮಕ್ಕೆ ಅಂಟಿದ ಒಲವು ಬದಲಾಗುವುದಿಲ್ಲ ಎಂಬ ಅರ್ಥದ ವಿವರಣೆಯನ್ನು ಅವರು ಕೊಟ್ಟರು. ನಮ್ಮ ಸಂಪ್ರದಾಯವೆಲ್ಲ ಕಠೋರವೆಂದು ನಂಬಿದವರೂ, ಸಂಪ್ರದಾಯದ ಹೆಸರಿನಲ್ಲಿ ಕಠೋರವಾಗುವವರೂ ಈ ಸಂಗತಿಯನ್ನು ಗಮನಿಸಬೇಕು.

ಶಕುಂತಲಾ ದೇವಿಯವರು ಮನೋವೈದ್ಯರಲ್ಲ, ಸಮಾಜಶಾಸ್ತ್ರಜ್ಞರಲ್ಲ. ಮನುಷ್ಯಳಾಗಿರುವುದಷ್ಟೇ ಈ ಪುಸ್ತಕ ಬರೆಯಲು ತಮಗಿರುವ ಅರ್ಹತೆ ಎಂಬ ನಿಲುವು ಅವರದು. ಸರಾಸರಿಯಿಂದ ದೂರ ನಿಂತ ಎಲ್ಲವನ್ನೂ ಸಮಾಜ ನಿರ್ದಯವಾಗಿ ಕಾಣುತ್ತದೆ ಎಂಬುದು ಅವರ ದೂರು. ಅಂಕಿಗಳೊಡನೆಯೇ ಬದುಕಿದವರು ಹೀಗೆ ಹೇಳಿದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ತಟ್ಟಿತು. ಸರಾಸರಿ ಎಂಬುದು ಬಹುಮಂದಿಯನ್ನು ಕುರಿತ ಒಂದು ವರ್ಣನೆ, ಅಷ್ಟೆ. ಅದನ್ನು ಎಲ್ಲರೂ ಪಾಲಿಸಬೇಕಾದ ಕಟ್ಟಳೆ ಎಂದು ಬಗೆದಾಗ ಅನ್ಯಾಯ ಮೊದಲಾಗುತ್ತದೆ. ಪುಸ್ತಕದ ಕೊನೆಗೆ ಅವರು ಬೇಡಿದ್ದು ಎರಡನ್ನು. ಒಂದು, ಸಲಿಂಗಪ್ರೇಮವನ್ನು ಅಪರಾಧವೆಂದು ಬಗೆಯುವ ಕಾನೂನು ಹೋಗಬೇಕು. ಇನ್ನೊಂದು, ಸಮಾಜ ಇವರನ್ನು ಪೂರ್ಣವಾಗಿ ಒಪ್ಪಿಕೊಳ್ಳಬೇಕು. ಕನಿಕರವಾಗಲಿ ಸಹನೆಯಾಗಲಿ ಸಾಲದು.

ಕನಿಕರಕ್ಕೂ ಒಪ್ಪಿಗೆಗೂ ಇರುವ ಈ ವ್ಯತ್ಯಾಸ ನನಗೆ ಬಾಲ್ಯದಲ್ಲಿಯೇ ತಿಳಿಯಬೇಕಾಗಿತ್ತು. ನಮ್ಮೂರಿನಲ್ಲಿ ಹೂ ಕಟ್ಟುವವರೊಬ್ಬರಿದ್ದರು. ನಡಿಗೆ, ಮಾತು ಹೆಣ್ಣಿನಂತೆ. ಊರಿನವರು ಅವರಿಗೆ ಒಂದು ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯಲಾರೆ. ಹುಡುಗರಾದ ನಾವು ಅವರ ನಡಿಗೆಯನ್ನು ಅಣಕಿಸುತ್ತಿದ್ದೆವು. ಒಂದು ದಿನ ನಾನು ಅಂಗಳದಲ್ಲಿ ಹಾಗೆ ನಡೆಯುತ್ತಿದ್ದುದನ್ನು ನನ್ನ ತಾಯಿ ಕಂಡರು. ಬೈಯಲಿಲ್ಲ. ಮರುದಿನದಿಂದ ದೇವರ ಪೂಜೆಗೆ ಹೂ ತರುವ ಕೆಲಸವನ್ನು ನನಗೆ ವಹಿಸಿದರು. ಅಲ್ಲಿಗೆ ಹೋಗುವಾಗ ಬೇಸಿಗೆಯಲ್ಲಿ ಒಂದು ಚೊಂಬು ಮಜ್ಜಿಗೆಯನ್ನೂ ಕೊಟ್ಟು ಕಳುಹಿಸುತ್ತಿದ್ದರು. ಚೊಂಬು ಮರಳುವಾಗ ಬರಿದಾಗಿರುತ್ತಿರಲಿಲ್ಲ. ಒಂದು ಹಿಡಿ ಸೊಪ್ಪೋ ನಾಲ್ಕು ನಿಂಬೆಹಣ್ಣೋ ಅದರಲ್ಲಿರುತ್ತಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ನನಗೆ ಅವರ ಮನೆಯ ಕಷ್ಟಸುಖ ಗೊತ್ತಾಗಿತ್ತು. ಹಾಸಿಗೆ ಹಿಡಿದ ವೃದ್ಧ ತಾಯಿ, ಸುತ್ತೂರು ಜಾತ್ರೆಗೂ ನಂಜನಗೂಡಿನ ತೇರಿಗೂ ಎಷ್ಟು ಮಾರು ಹೂ ಬೇಕೆಂಬ ಲೆಕ್ಕ, ಯಾವ ಮಲ್ಲಿಗೆ ಎಷ್ಟು ಹೊತ್ತು ಬಾಡದೆ ಉಳಿಯುತ್ತದೆ ಎಂಬ ತಿಳಿವಳಿಕೆ. ಹಬ್ಬದ ದಿನ ಮನೆಗೆ ಬಂದಾಗ ನನ್ನ ತಾಯಿ ಅವರನ್ನು ಎಲ್ಲರ ಪಂಕ್ತಿಯಲ್ಲಿಯೇ ಕೂರಿಸಿ ಬಡಿಸುತ್ತಿದ್ದರು. ಅವರನ್ನು ಕರೆಯುತ್ತಿದ್ದುದು ತಂದೆತಾಯಿ ಇಟ್ಟ ಹೆಸರಿನಿಂದ. ಅಣಕಿಸುವುದು ನನ್ನಿಂದ ತಾನಾಗಿಯೇ ಬಿಟ್ಟುಹೋಯಿತು. ಹಾಗೆ ಹೋಗಿ ಬಂದು ಪರಿಚಯವಾದವರನ್ನು ಅಣಕಿಸುವುದು ಕಷ್ಟ.

ಇಷ್ಟು ಪಾಠ ಕಲಿತವನು ಮುಂದೆ ಅದನ್ನು ಮರೆತೆ. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಗೆ ಸೇರಿದೆ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಒಂದು ಕಚೇರಿಯ ಮುಖ್ಯಸ್ಥನಾಗಿದ್ದಾಗ ಅಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕರಿದ್ದರು. ಕಡತಗಳನ್ನು ಇಷ್ಟು ಅಚ್ಚುಕಟ್ಟಾಗಿ ಮಂಡಿಸುವ ನೌಕರರನ್ನು ನಾನು ಮುಂದೆಯೂ ಹೆಚ್ಚಾಗಿ ಕಾಣಲಿಲ್ಲ. ಒಂದು ದಿನ ಮೂಗರ್ಜಿ ಬಂತು. ಅವರು ಗೆಳೆಯರೊಬ್ಬರೊಡನೆ ಒಂದೇ ಮನೆಯಲ್ಲಿ ವಾಸಿಸುತ್ತಿದ್ದಾರೆ, ಮದುವೆಯಾಗಿಲ್ಲ, ಇದು ಕಚೇರಿಗೆ ಅಗೌರವ ಎಂಬುದು ಅದರ ಸಾರಾಂಶ. ಮೂಗರ್ಜಿಗಳನ್ನು ಕಸದ ಬುಟ್ಟಿಗೆ ಹಾಕುವುದು ನನ್ನ ಪದ್ಧತಿಯಾಗಿತ್ತು. ಅದೊಂದನ್ನು ಹಾಕಲಿಲ್ಲ. ವರ್ಷಾಂತ್ಯದ ಗೋಪ್ಯ ವರದಿಯಲ್ಲಿ ಅವರ ಕೆಲಸವನ್ನು ಉತ್ತಮವೆಂದು ಬರೆದು, ನಡತೆಯ ಅಂಕಣದಲ್ಲಿ ಸಂಶಯಾಸ್ಪದ ಎಂಬ ಒಂದು ಪದದ ಷರಾ ಹಾಕಿದೆ.

ಪ್ರತಿಕೂಲ ಷರಾವನ್ನು ನೌಕರರಿಗೆ ಲಿಖಿತವಾಗಿ ತಿಳಿಸಬೇಕು, ಅದರ ವಿರುದ್ಧ ಮನವಿ ಸಲ್ಲಿಸಲು ಅವರಿಗೆ ಅವಕಾಶವಿರುತ್ತದೆ. ಅವರು ಸ್ವೀಕೃತಿಗೆ ಸಹಿ ಮಾಡಿ ಪತ್ರವನ್ನು ಹಿಂತಿರುಗಿಸಿದರು, ಮನವಿ ಸಲ್ಲಿಸಲಿಲ್ಲ. ಸಲ್ಲಿಸುವುದಾದರೂ ಹೇಗೆ? ಆ ಪದವನ್ನು ಅಲ್ಲಗಳೆಯಬೇಕಾದರೆ ತಮ್ಮ ಬದುಕನ್ನೆಲ್ಲ ಕಾಗದದ ಮೇಲೆ ಬಿಚ್ಚಿಡಬೇಕಾಗಿತ್ತು. ಆಗಿನ ಕಾನೂನಿನಲ್ಲಿ ಅದು ತಪ್ಪೊಪ್ಪಿಗೆಯೇ ಆಗುತ್ತಿತ್ತು. ಅವರ ಬಡ್ತಿ ತಡವಾಯಿತು. ಅವರಿಗಿಂತ ಕಿರಿಯರು ಮುಂದೆ ಹೋದರು. ಪೂರ್ವಗ್ರಹಕ್ಕೆ ಅದನ್ನು ಹೊಂದಿದವರೂ ಬೆಲೆ ತೆರುತ್ತಾರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿಯೇ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದರು. ಪರೀಕ್ಷೆಗಾಗಿ ನಾನು ಅದನ್ನು ಓದಿದ್ದೆ. ನನ್ನ ಕಚೇರಿ ತನ್ನ ಅತ್ಯುತ್ತಮ ಸಹಾಯಕನ ಉತ್ಸಾಹವನ್ನು ಕಳೆದುಕೊಂಡಾಗ ಆ ಪಾಠ ನೆನಪಾಗಲಿಲ್ಲ.

ನೆನಪಾದದ್ದು ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕವನ್ನು ಓದಿ ಮುಗಿಸಿದ ರಾತ್ರಿ. ನನಗೂ ಆ ಯುವಕರನ್ನು ಶಕುಂತಲಾ ದೇವಿ ಕೇಳಿದಂತೆ ಕೇಳಬಹುದಾದ ಅವಕಾಶವಿತ್ತು. ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ಅವರು ಕುಳಿತಿದ್ದರು. ಕೇಳುವ ಬದಲು ನಾನು ಬರೆದೆ. ಇದು ವ್ಯವಸ್ಥೆಯ ದೋಷವೆಂದು ಜಾರಿಕೊಳ್ಳಬಹುದು. ಆದರೆ ಲೇಖನಿ ನನ್ನದಾಗಿತ್ತು.

ಶಕುಂತಲಾ ದೇವಿಯವರ ಮೊದಲ ಬೇಡಿಕೆ ಈಡೇರುವುದಕ್ಕೆ ನಾಲ್ಕು ದಶಕಗಳು ಬೇಕಾದವು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೆಯ ಕಲಮು ಇಲ್ಲ. ಕೆನಡಾದ ಆ ಜೋಡಿ ಬಯಸಿದ್ದ ಹಕ್ಕು ಅವರ ದೇಶದಲ್ಲಿ 2005ರಲ್ಲಿ ಕಾನೂನಾಯಿತು. ನಮ್ಮಲ್ಲಿ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾನ್ಯ ಮಾಡಲಿಲ್ಲ. ಶಕುಂತಲಾ ದೇವಿ ಇದಾವುದನ್ನೂ ಪೂರ್ತಿಯಾಗಿ ಕಾಣಲಿಲ್ಲ. ದೆಹಲಿ ತೀರ್ಪನ್ನು ಕಂಡು, ಅದು ರದ್ದಾಗುವ ಮುನ್ನವೇ, 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ 83ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಿನ್ನೆಸ್ ಪ್ರಮಾಣಪತ್ರವೂ ಬಂದದ್ದು ಮರಣೋತ್ತರವಾಗಿ, 2020ರಲ್ಲಿ.

ನಮ್ಮ ರಾಜ್ಯದಲ್ಲಿಯೂ ಕೆಲವು ಬಾಗಿಲುಗಳು ತೆರೆದಿವೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಕರ್ನಾಟಕ ಸರ್ಕಾರ ನಾಗರಿಕ ಸೇವೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ನೀಡಿತು. ಹೂ ಕಟ್ಟುವವರ ಬದುಕು ಬೇರೆ, ನನ್ನ ಸಹಾಯಕರ ಬದುಕು ಬೇರೆ, ಮಂಜಮ್ಮನವರದು ಇನ್ನೂ ಬೇರೆ. ಲಿಂಗತ್ವ ಒಂದು ಸಂಗತಿ, ಒಲವು ಮತ್ತೊಂದು. ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಒಂದು ಹೆಸರು ಬರೆದಿಟ್ಟವರು ನಾವು.

ಕಾನೂನು ತಾನು ಮಾಡಬೇಕಾದ್ದರಲ್ಲಿ ಒಂದಿಷ್ಟನ್ನು ಮಾಡಿದೆ. ಎರಡನೆಯ ಬೇಡಿಕೆಯನ್ನು ಈಡೇರಿಸಬೇಕಾದವರು ನ್ಯಾಯಾಧೀಶರಲ್ಲ. ಮನೆ ಬಾಡಿಗೆಗೆ ಕೊಡುವ ಮಾಲೀಕರು, ಮದುವೆಯ ಆಹ್ವಾನ ಪತ್ರಿಕೆಗೆ ಹೆಸರು ಬರೆಯುವ ಹಿರಿಯರು, ಊಟದ ಡಬ್ಬಿ ಬಿಚ್ಚುವಾಗ ಪಕ್ಕಕ್ಕೆ ಸರಿದು ಜಾಗ ಮಾಡುವ ಸಹೋದ್ಯೋಗಿಗಳು, ಮಗ ಅಥವಾ ಮಗಳು ಒಂದು ರಾತ್ರಿ ತಡವರಿಸುತ್ತ ಏನನ್ನೋ ಹೇಳತೊಡಗಿದಾಗ ಎದ್ದು ಹೋಗದೆ ಕುಳಿತು ಕೇಳುವ ತಂದೆತಾಯಿ. ಇದಕ್ಕೆ ಯಾವ ಶಾಸನವೂ ಬೇಡ.

ನಿವೃತ್ತನಾದ ಮೇಲೆ ನಾನು ಆ ಸಹಾಯಕರನ್ನು ಹುಡುಕಿಕೊಂಡು ಹೋದೆ. ಅವರೂ ನಿವೃತ್ತರಾಗಿ, ಮೈಸೂರಿನ ಬಡಾವಣೆಯೊಂದರಲ್ಲಿ ಅದೇ ಗೆಳೆಯರೊಡನೆ ವಾಸಿಸುತ್ತಿದ್ದರು. ಆ ಷರಾ ಬರೆದದ್ದು ನಾನು, ಅದು ತಪ್ಪಾಗಿತ್ತು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಕ್ಷರ ನೋಡಿಯೇ ತಮಗೆ ಗೊತ್ತಾಗಿತ್ತೆಂದರು. ಕ್ಷಮಿಸಿದೆನೆಂದು ಹೇಳಲಿಲ್ಲ. ಹೇಳಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ. ಗೆಳೆಯರು ಕಾಫಿ ತಂದರು. ಆಮೇಲೆ ನಾವು ಮೂವರೂ ತುಟ್ಟಿಭತ್ಯೆಯ ಬಾಕಿಯ ಬಗ್ಗೆ, ಮಂಡಿನೋವಿನ ಬಗ್ಗೆ, ಆ ವರ್ಷ ಕಪಿಲೆಗೆ ಬಂದ ನೀರಿನ ಬಗ್ಗೆ ಮಾತನಾಡಿದೆವು. ಹೊರಡುವಾಗ ನನ್ನ ಪಿಂಚಣಿ ಪರಿಷ್ಕರಣೆಯಲ್ಲಿ ಒಂದು ಲೆಕ್ಕ ತಪ್ಪಿದೆಯೆಂದು ತೋರಿಸಿ, ಅದಕ್ಕೆ ಅರ್ಜಿ ಬರೆಯುವ ಕ್ರಮವನ್ನೂ ಅವರು ಹೇಳಿಕೊಟ್ಟರು. ಅವರ ಲೆಕ್ಕ ಎಂದಿನಂತೆ ಸರಿಯಾಗಿತ್ತು.